ತಪ್ಪನ್ನ ಯಾರ ಖಾತೆಗೆ ಹಾಕ್ತೀವಿ

ಒಂದು ಸಂಖ್ಯೆಯ ಚಿಹ್ನೆ ತಿರುಗಿಸ್ಬೇಕು. ಪ್ಲಸ್ ಇದ್ರೆ ಮೈನಸ್, ಮೈನಸ್ ಇದ್ರೆ ಪ್ಲಸ್. ಕೋಡ್ ಬರೆಯೋರು ಯಾರೇ ಆಗ್ಲಿ ಮುಂದೊಂದು ಮೈನಸ್ ಹಾಕಿ ಕಾಫಿ ಕುಡಿಯೋಕೆ ಹೋಗ್ತಾರೆ. ಆದ್ರೆ ಬ್ರಿಟನ್ನಿನ ಪೋಸ್ಟ್ ಆಫೀಸ್‌ಗಳಿಗೆ ಅಂತ ತಯಾರಾದ ಹೊರೈಜನ್ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಅಂತಾನೇ ಒಂದು ಫಂಕ್ಷನ್ ಇತ್ತು. ಸಂಖ್ಯೆ ಸೊನ್ನೆಗಿಂತ ಕಡಿಮೆ ಇದ್ರೆ ಅದರ ಆಬ್ಸಲ್ಯೂಟ್ ವ್ಯಾಲ್ಯೂ (ಮೈನಸ್ ತೆಗೆದ ಸಂಖ್ಯೆ) ತಗೋ, ಇಲ್ಲಾಂದ್ರೆ ಆ ಸಂಖ್ಯೆಯಿಂದ ಅದರ ಎರಡರಷ್ಟನ್ನ ಕಳಿ. ಅಂದ್ರೆ ನೂರು ಇದ್ರೆ ನೂರರಿಂದ ಇನ್ನೂರು ಕಳೆದು ಮೈನಸ್ ನೂರು. 1998ರಲ್ಲಿ ಅದನ್ನ ಮಾಡಿದ ಕಂಪನಿಯ ಒಳಗಿನವರೇ ಒಂದು ರಿಪೋರ್ಟ್ ಬರೆದು, ಅದರಲ್ಲಿ ಈ ಸಾಲುಗಳನ್ನ ಸ್ಯಾಂಪಲ್ ಅಂತ ಕೊಟ್ಟು, ಇದನ್ನ ಬರೆದೋರಿಗೆ ಪ್ರೈಮರಿ ಸ್ಕೂಲ್ ಗಣಿತಾನೂ ಬರಲ್ಲ ಪ್ರೋಗ್ರಾಮಿಂಗೂ ಬರಲ್ಲ ಅನ್ನೋ ಅರ್ಥದ ಮಾತು ಹೇಳಿದ್ರು.

ಮೊದಲ ಸಲ ಓದಿದಾಗ ನಾನೂ ನಕ್ಕೆ. ಆಮೇಲೆ ಗಮನಿಸಿದ್ದು ಏನಂದ್ರೆ, ಉತ್ತರ ಸರಿಯಾಗೇ ಬರುತ್ತೆ! ಪೆದ್ದು ಕೋಡೇ ಹೊರತು ತಪ್ಪು ಕೋಡ್ ಅಲ್ಲ. ಇಂಥದ್ದನ್ನ, ಇದಕ್ಕಿಂತ ಕಡೆಯದ್ದನ್ನ ನಮ್ಮ ಪ್ರೊಡಕ್ಷನ್‌ನಲ್ಲಿ, ಅಂದ್ರೆ ಜನ ನಿಜವಾಗಿ ಬಳಸ್ತಿರೋ ಸಿಸ್ಟಮ್ಮಲ್ಲಿ, ನೋಡಿ ನೋಡಿ ನಂಗೆ ಅಭ್ಯಾಸ ಆಗಿದೆ. ಹಾಗಾಗಿ ಹೊರೈಜನ್ ಕಥೇನ "ಕೆಟ್ಟ ಪ್ರೋಗ್ರಾಮರ್‌ಗಳು ಕೆಟ್ಟ ಕೋಡ್ ಬರೆದ್ರು, ಅದಕ್ಕೆ ಅನಾಹುತ ಆಯ್ತು" ಅಂತ ಹೇಳೋರನ್ನ ಕಂಡ್ರೆ ನಂಗೆ ಒಪ್ಪಿಗೆ ಇಲ್ಲ. ಕೆಟ್ಟ ಕೋಡ್ ಎಲ್ಲಾ ಕಡೆ ಇದೆ. ಆ ರಿಪೋರ್ಟ್ ಬಂದ್ಮೇಲೂ ಹೊಸದಾಗಿ ಬರೆಯೋದು ಬೇಡ, ತೇಪೆ ಹಾಕ್ಕೊಂಡು ಹೋಗೋಣ ಅಂತ ತೀರ್ಮಾನ ಆಯ್ತಲ್ಲ, ಅದೂ ಎಲ್ಲಾ ಕಡೆ ಆಗೋದೇ. ಡೆಡ್‌ಲೈನ್ ಇತ್ತು, ದುಡ್ಡು ಸುರಿದಾಗಿತ್ತು. ಅನಾಹುತ ಆಗಿದ್ದು ಅದರ ನಂತರ, ಟಿಕೆಟ್‌ಗಳಲ್ಲಿ (ಒಂದೊಂದು ದೂರಿಗೂ ತೆರೆಯೋ ದಾಖಲೆ), ಮೀಟಿಂಗ್ ನೋಟ್‌ಗಳಲ್ಲಿ, ಕೋರ್ಟಿಗೆ ಕೊಟ್ಟ ಹೇಳಿಕೆಗಳಲ್ಲಿ. ಅಂದ್ರೆ ನನ್ನಂಥವರು ದಿನಾ ಕೂತು ಮಾಡೋ ಕೆಲಸದಲ್ಲಿ. ನಾನು ಪ್ರೊಡಕ್ಷನ್ ಸಪೋರ್ಟ್‌ನವನು, ಎಲ್3, ಅಂದ್ರೆ ಮೊದಲ ಎರಡು ಹಂತದವರ ಕೈಲಿ ಆಗದ ದೂರು ಬಂದು ಬೀಳೋ ಮೂರನೇ ಹಂತ. ಕೋಡ್ ಬರೆಯೋದು ಕಮ್ಮಿ, ಬೇರೆಯವರು ಬರೆದು ಬಿಟ್ಟು ಹೋದದ್ದರ ಹೆಣ ಕಾಯೋದೇ ಜಾಸ್ತಿ.

ಕಥೆ ಗೊತ್ತಿಲ್ಲದೋರಿಗೆ ಬೇಗ ಹೇಳ್ಬಿಡ್ತೀನಿ. ಬ್ರಿಟನ್ನಿನ ಹಳ್ಳಿ, ಸಣ್ಣ ಊರುಗಳ ಎಷ್ಟೋ ಪೋಸ್ಟ್ ಆಫೀಸ್‌ಗಳನ್ನ ನಡೆಸೋರು ಸರ್ಕಾರಿ ನೌಕರರಲ್ಲ, ಸಬ್‌ಪೋಸ್ಟ್‌ಮಾಸ್ಟರ್ ಅಂತ ಕಾಂಟ್ರ್ಯಾಕ್ಟ್ ಮೇಲೆ ನಡೆಸೋ ಅಂಗಡಿಯವರು. ಮುಂದೆ ದಿನಸಿ ಅಂಗಡಿ, ಮೂಲೆಯಲ್ಲಿ ಪೋಸ್ಟಿನ ಕೌಂಟರ್. ಕ್ಯಾಶ್ ಕಮ್ಮಿ ಬಂದ್ರೆ ಅವರೇ ಕಟ್ಟಿಕೊಡ್ಬೇಕು ಅಂತ ಪೋಸ್ಟ್ ಆಫೀಸ್ ಕಂಪನಿ ಪಟ್ಟು ಹಿಡೀತಿತ್ತು. 1999ರಿಂದ ಅಲ್ಲೆಲ್ಲ ಹೊರೈಜನ್ ಬಂತು, ಮಾಡಿದ್ದು ಐಸಿಎಲ್, ಅದರ ಮಾಲೀಕರು ಜಪಾನಿನ ಫುಜಿತ್ಸು. ಬಂದಾಗಿಂದ ಲೆಕ್ಕ ತಪ್ಪೋಕೆ ಶುರು. ಕಂಪ್ಯೂಟರ್ ಹೇಳೋ ಕ್ಯಾಶ್ ಒಂದು, ಡ್ರಾಯರಲ್ಲಿರೋದು ಇನ್ನೊಂದು. ಹೆಲ್ಪ್‌ಲೈನ್‌ಗೆ ಫೋನ್ ಮಾಡಿದ್ರೆ ಬೇರೆ ಯಾರಿಗೂ ಹೀಗಾಗ್ತಿಲ್ಲ, ನಿಮ್ಮೊಬ್ಬರಿಗೇ ಅಂತ ಎಷ್ಟೋ ಜನಕ್ಕೆ ಹೇಳಿದ್ರಂತೆ. 2015ರವರೆಗೆ 900ಕ್ಕೂ ಹೆಚ್ಚು ಜನಕ್ಕೆ ಕಳ್ಳತನ, ಸುಳ್ಳು ಲೆಕ್ಕ, ಮೋಸ ಅಂತ ಶಿಕ್ಷೆ ಆಯ್ತು, ಅದರಲ್ಲಿ 700ರಷ್ಟು ಕೇಸನ್ನ ಪೋಸ್ಟ್ ಆಫೀಸ್ ಕಂಪನಿ ತಾನೇ ಹಾಕಿ ತಾನೇ ನಡೆಸಿತ್ತು. ದೂರು ಕೊಟ್ಟೋರು ಅವರೇ, ತನಿಖೆ ಅವರದ್ದೇ, ವಕೀಲರೂ ಅವರ ಕಡೆಯವರೇ.

ಇದರಲ್ಲಿ ಜೋ ಹ್ಯಾಮಿಲ್ಟನ್ ಅನ್ನೋರ ಕಥೆ ನಂಗೆ ಸಪೋರ್ಟ್‌ನವನಾಗಿ ಜಾಸ್ತಿ ತಟ್ಟೋದು. ಹ್ಯಾಂಪ್‌ಶೈರಿನ ಸೌತ್ ವಾರ್ನ್‌ಬರಾ ಅನ್ನೋ ಹಳ್ಳೀಲಿ ಅಂಗಡಿ. ಎರಡು ಸಾವಿರ ಪೌಂಡ್ ಕಮ್ಮಿ ತೋರಿಸ್ತಿತ್ತು. ಹೆಲ್ಪ್‌ಲೈನ್‌ಗೆ ಫೋನ್ ಮಾಡಿದ್ರು, ಆ ಕಡೆಯಿಂದ ಇದನ್ನ ಒತ್ತಿ ಅದನ್ನ ಒತ್ತಿ ಅಂದ್ರು, ಇವರು ಹೇಳಿದ ಹಾಗೇ ಒತ್ತಿದ್ರು, ಕಣ್ಣೆದುರಿಗೇ ಎರಡು ಸಾವಿರ ನಾಲ್ಕು ಸಾವಿರ ಆಯ್ತು. ಕೊನೆಗೆ ಬಾಕಿ 36,000 ಪೌಂಡ್ ಅಂತ ತೋರಿಸಿ ಕೇಸ್ ಹಾಕಿದ್ರು. ಸುಳ್ಳು ಲೆಕ್ಕ ಬರೆದೆ ಅಂತ ಒಪ್ಕೊಂಡ್ರೆ ಕಳ್ಳತನದ ಆರೋಪ ಕೈಬಿಡ್ತೀವಿ ಅಂದಾಗ ಜೈಲಿಗೆ ಹೆದರಿ ಒಪ್ಕೊಂಡ್ರು. ಊರವರು ಸೇರಿ ದುಡ್ಡು ಒಟ್ಟು ಮಾಡಿ ಕೊಟ್ರು. 2021ರ ಏಪ್ರಿಲ್‌ನಲ್ಲಿ ಅಪೀಲು ಕೋರ್ಟ್ ಒಟ್ಟಿಗೇ 39 ಜನರ ಶಿಕ್ಷೆ ರದ್ದು ಮಾಡ್ತಲ್ಲ, ಅದರಲ್ಲಿ ಅವರೂ ಒಬ್ಬರು.

ಆ ಫೋನಿನ ಆಚೆ ತುದಿಯಲ್ಲಿ ಕೂತಿದ್ದೋರು ಯಾರು ಅಂತ ಯೋಚನೆ ಬರುತ್ತೆ ನಂಗೆ. ಅವರು ಆ ಕಾಲ್‌ಗೆ ಏನಂತ ನೋಟ್ ಹಾಕಿರ್ತಾರೆ? ಮುಂದಿನ ಕಾಲ್ ಬಂತು, ತಗೊಂಡ್ರು, ಶಿಫ್ಟ್ ಮುಗಿದಾಗ ಮನೆಗೆ ಹೋದ್ರು. ಅಷ್ಟೇ ಇರ್ಬೇಕು.

ನಮ್ಮಲ್ಲಿ ವರ್ಷಕ್ಕೊಂದು ಸಲ ಎಥಿಕ್ಸ್ ಟ್ರೈನಿಂಗ್ ಅಂತ ಬರುತ್ತೆ. ಕಂಪ್ಲೀಟ್ ಮಾಡದಿದ್ರೆ ಮ್ಯಾನೇಜರ್‌ಗೆ ಕೆಂಪು ಬಣ್ಣದಲ್ಲಿ ಮೇಲ್ ಹೋಗುತ್ತೆ, ಅದಕ್ಕೆ ಎಲ್ಲರೂ ಇನ್ನೊಂದು ಸ್ಕ್ರೀನಲ್ಲಿ ಮ್ಯಾಚ್ ನೋಡ್ತಾ ನೆಕ್ಸ್ಟ್ ನೆಕ್ಸ್ಟ್ ಒತ್ತಿ ಮುಗಿಸ್ತಾರೆ. ಅದರಲ್ಲಿ ಏನಿರುತ್ತೆ? ಕ್ಲೈಂಟ್ ದೀಪಾವಳಿಗೆ ಬೆಳ್ಳಿ ದೀಪ ಕೊಟ್ರೆ ತಗೋಬಹುದಾ, ಪಾಸ್‌ವರ್ಡ್ ಹಂಚ್ಕೋಬಹುದಾ, ಲಿಫ್ಟಲ್ಲಿ ಪ್ರಾಜೆಕ್ಟ್ ವಿಷಯ ಮಾತಾಡಬಹುದಾ. ಸ್ವಲ್ಪ ಗಂಭೀರವಾದ ಸೆಷನ್ ಆದ್ರೆ ಫೋಕ್ಸ್‌ವ್ಯಾಗನ್ ಉದಾಹರಣೆ ತರ್ತಾರೆ. ಹೊಗೆ ಪರೀಕ್ಷೆ ನಡೀತಿದ್ಯಾ ಅಂತ ಕಂಡುಹಿಡಿದು ಆಗ ಮಾತ್ರ ಕಮ್ಮಿ ಹೊಗೆ ಬಿಡೋ ಸಾಫ್ಟ್‌ವೇರ್, ಅದರಲ್ಲಿ ಕೈ ಇದ್ದ ಇಂಜಿನಿಯರ್ ಜೇಮ್ಸ್ ಲಿಯಾಂಗ್‌ಗೆ 2017ರಲ್ಲಿ ಅಮೆರಿಕದ ಕೋರ್ಟಿಂದ 40 ತಿಂಗಳು ಜೈಲು. ಒಳ್ಳೇ ಉದಾಹರಣೆನೇ, ಆದ್ರೆ ಕೇಳಿಸ್ಕೊಂಡೋರು ಆರಾಮಾಗಿ ಎದ್ದು ಊಟಕ್ಕೆ ಹೋಗ್ತಾರೆ, ಯಾಕಂದ್ರೆ ನಮ್ಮನ್ನ ಯಾರೂ ಅಂಥಾ ಸಾಫ್ಟ್‌ವೇರ್ ಬರಿ ಅಂತ ಕೇಳಿಲ್ಲ, ಕೇಳೋದೂ ಇಲ್ಲ. ಖಳನಾಯಕ ಇರೋ ಕಥೆಗಳಲ್ಲಿ ನಾವು ಯಾವತ್ತೂ ಪ್ರೇಕ್ಷಕರೇ. ಕಂಪ್ಯೂಟರ್ ವೃತ್ತಿಯವರ ಸಂಘ ಎಸಿಎಂ 2018ರಲ್ಲಿ ತನ್ನ ನೀತಿ ಸಂಹಿತೆ ಪರಿಷ್ಕರಿಸಿ, ಸಾರ್ವಜನಿಕರ ಹಿತ ಎಲ್ಲಕ್ಕಿಂತ ಮೊದಲು ಅಂತ ಬರೆದಿದೆ. ಚೆನ್ನಾಗಿದೆ. ರಾತ್ರಿ ಎರಡು ಗಂಟೆಗೆ ಬ್ರಿಡ್ಜ್ ಕಾಲಲ್ಲಿ (ಸಿಸ್ಟಮ್ ಕೆಟ್ಟಾಗ ಎಲ್ಲರೂ ಸೇರೋ ಫೋನ್ ಕಾಲ್) ಕೂತಿರೋನಿಗೆ ಈ "ಸಾರ್ವಜನಿಕರು" ಅಂದ್ರೆ ಯಾರು ಅಂತ ಗೊತ್ತಾಗೋದು ಹೇಗೆ ಅನ್ನೋದೇ ಕಷ್ಟ. ಅವನ ಕಣ್ಣಿಗೆ ಕಾಣೋದು ಒಂದು ಬ್ರಾಂಚ್ ಕೋಡ್, ಒಂದು ಯೂಸರ್ ಐಡಿ.

ಈಗ ಡೇಟಾ ಫಿಕ್ಸ್ ವಿಷಯಕ್ಕೆ ಬರ್ತೀನಿ. ಸಪೋರ್ಟ್‌ನಲ್ಲಿ ಇಲ್ಲದವರಿಗೆ ಇದು ಗೊತ್ತಿರಲ್ಲ. ಬಗ್‌ನಿಂದಾಗಿ, ಅಂದ್ರೆ ಕೋಡಿನ ದೋಷದಿಂದಾಗಿ, ಡೇಟಾಬೇಸಲ್ಲಿ ಒಂದು ರೋ (ಲೆಕ್ಕದ ಒಂದು ಸಾಲು) ತಪ್ಪಾಗಿ ಕೂತಿದೆ ಅಂದ್ಕೊಳ್ಳಿ. ಕೋಡ್ ಸರಿ ಮಾಡಿ ರಿಲೀಸ್ ಆಗೋಕೆ ವಾರಗಳು ಬೇಕು, ಯೂಸರ್‌ಗೆ ಇವತ್ತೇ ಲೆಕ್ಕ ಕೂಡ್ಬೇಕು. ಆಗ ನಾವು ಸ್ಕ್ರಿಪ್ಟ್ ಬರೆದು ಆ ರೋನ ನೇರ ಪ್ರೊಡಕ್ಷನ್‌ನಲ್ಲೇ ತಿದ್ತೀವಿ. ಶಿಸ್ತಿರೋ ಕಡೆ ಇದಕ್ಕೆ ಅಪ್ರೂವಲ್ ಬೇಕು, ಬರೆದೋನು ಒಬ್ಬ ಓಡಿಸೋನು ಇನ್ನೊಬ್ಬ, ಮುಂಚೆ ಹೇಗಿತ್ತು ಆಮೇಲೆ ಹೇಗಾಯ್ತು ಅಂತ ಎರಡೂ ತೆಗೆದು ಟಿಕೆಟ್‌ಗೆ ಅಟ್ಯಾಚ್ ಮಾಡ್ಬೇಕು. ಶಿಸ್ತಿಲ್ಲದ ಕಡೆ ಹೇಗಿರುತ್ತೆ ಅಂತ ಹೇಳೋದು ಬೇಡ, ಇದನ್ನ ಓದ್ತಿರೋ ಅರ್ಧ ಜನಕ್ಕೆ ಗೊತ್ತು. ಡೇಟಾ ಫಿಕ್ಸ್ ಮಾಡೋದರಲ್ಲಿ ಪಾಪ ಇಲ್ಲ, ಅದಿಲ್ದೆ ಯಾವ ಬ್ಯಾಂಕೂ ಒಂದು ತಿಂಗಳು ನಡಿಯಲ್ಲ. ಆದ್ರೆ ಎರಡು ಪ್ರಶ್ನೆ ಇವೆ, ಯಾರ ಲೆಕ್ಕ ತಿದ್ತಿದೀವೋ ಅವರಿಗೆ ಗೊತ್ತಾ, ಮತ್ತೆ ಬದಲಾಯಿಸಿದ್ದು ಯಾರು ಅಂತ ದಾಖಲಿಸೋ ಆಡಿಟ್ ಕಾಲಮ್ಮಿನಲ್ಲಿ ಯಾರ ಹೆಸರು ಬೀಳುತ್ತೆ.

ರಿಚರ್ಡ್ ರೋಲ್ ಅನ್ನೋರು 2001ರಿಂದ 2004ರವರೆಗೆ ಬ್ರ್ಯಾಕ್ನೆಲ್‌ನಲ್ಲಿ ಫುಜಿತ್ಸುವಿನ ಥರ್ಡ್ ಲೈನ್ ಸಪೋರ್ಟ್‌ನಲ್ಲಿದ್ರು, ನಮ್ಮ ಭಾಷೇಲಿ ಎಲ್3. ಅವರು 2015ರಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮದಲ್ಲಿ, ಆಮೇಲೆ 2019ರಲ್ಲಿ ಹೈಕೋರ್ಟಲ್ಲಿ ಹೇಳಿದ್ದು ಇಷ್ಟು: ನಾವು ಆಫೀಸಲ್ಲಿ ಕೂತ್ಕೊಂಡೇ ಬ್ರಾಂಚ್‌ನ ಸಿಸ್ಟಮ್ಮಿಗೆ ಹೋಗಿ ಡೇಟಾ ಬದಲಾಯಿಸ್ತಿದ್ವಿ, ಸಬ್‌ಪೋಸ್ಟ್‌ಮಾಸ್ಟರ್‌ಗೆ ಗೊತ್ತಾಗದ ಹಾಗೂ ಮಾಡಬಹುದಿತ್ತು. ಪೋಸ್ಟ್ ಆಫೀಸ್ ಮಾತ್ರ ವರ್ಷಗಟ್ಟಲೆ ಅದು ಸಾಧ್ಯವೇ ಇಲ್ಲ ಅಂತ ಹೇಳ್ಕೊಂಡು ಬಂದಿತ್ತು. ರೋಲ್ ಹೇಳ್ತಿರೋದು ಸರಿಯಿಲ್ಲ ಅಂತ ಮೊದಲು ಹೇಳಿಕೆ ಕೊಟ್ಟ ಕಂಪನಿ ಕಡೆಯವರು ಆಮೇಲೆ ತಮ್ಮ ಹೇಳಿಕೆಯನ್ನೇ ತಿದ್ದಬೇಕಾಯ್ತು. ಹಾಗೆ ಸೇರಿಸಿದ ಎಂಟ್ರಿ ಕೆಲವು ಸಲ ಸಬ್‌ಪೋಸ್ಟ್‌ಮಾಸ್ಟರೇ ಮಾಡಿದ್ದು ಅನ್ನೋ ಹಾಗೆ ಕಾಣೋ ಸಾಧ್ಯತೆಯೂ ಇತ್ತು ಅನ್ನೋದು ಹೊರಬಿತ್ತು. 555 ಜನ ಸೇರಿ ಹಾಕಿದ್ದ ಆ ಮೊಕದ್ದಮೆಯ ಮುಂದಾಳು ಆಲನ್ ಬೇಟ್ಸ್. ಹೊರೈಜನ್ ಗಟ್ಟಿ ಅಂತ ಪೋಸ್ಟ್ ಆಫೀಸ್ ವಾದಿಸೋದು ಈ ಕಾಲದಲ್ಲಿ ಭೂಮಿ ಚಪ್ಪಟೆ ಅಂತ ವಾದಿಸಿದ ಹಾಗೆ ಅಂತ ಜಡ್ಜ್ ಫ್ರೇಸರ್ ತೀರ್ಪಿನಲ್ಲೇ ಬರೆದ್ರು.

ರೋಲ್ ಬಗ್ಗೆ ನಂಗೆ ಗೌರವ ಇದೆ. ಆದ್ರೆ ಅವರು ಬಾಯಿ ಬಿಟ್ಟಿದ್ದು ಕೆಲಸ ಬಿಟ್ಟು ಎಷ್ಟೋ ವರ್ಷ ಆದ್ಮೇಲೆ ಅನ್ನೋದೂ ನಿಜ. ಕೆಲಸದಲ್ಲಿದ್ದಾಗ ಯಾರಿಗಾದ್ರೂ ಇದು ಕೋರ್ಟಿನ ವಿಷಯ ಅಂತ ಹೊಳೆಯೋದು ಕಷ್ಟ. ಅವರ ಮುಂದಿದ್ದದ್ದು ಒಂದು ಟಿಕೆಟ್, ಒಂದು ಕರಪ್ಟ್ ಆದ ಫೈಲ್, ಬೇಗ ಸರಿ ಮಾಡದಿದ್ರೆ ಕಂಪನಿಗೆ ಪೆನಾಲ್ಟಿ.

ಎಸ್‌ಎಲ್‌ಎ, ಅಂದ್ರೆ ಇಷ್ಟು ಹೊತ್ತಲ್ಲಿ ಸರಿ ಮಾಡ್ತೀವಿ ಅಂತ ಕ್ಲೈಂಟಿಗೆ ಕೊಟ್ಟ ಮಾತು, ಅದು ಮನುಷ್ಯನ ತಲೇನ ಹೇಗೆ ಕೆಲಸ ಮಾಡಿಸುತ್ತೆ ಅನ್ನೋದಕ್ಕೆ ನಮ್ಮಲ್ಲೇ ಆದ ಒಂದು ಸಂಗತಿ ಹೇಳ್ತೀನಿ. ಕ್ಲೈಂಟ್ ಯಾರು, ಯಾವ ಕಂಪನಿ ಅನ್ನೋದು ಬೇಡ. ಒಂದು ಬ್ರಾಂಚಿಂದ ದೂರು ಬಂತು, ಒಂದೇ ಪೇಮೆಂಟ್ ಎರಡು ಸಲ ಪೋಸ್ಟ್ ಆಗಿದೆ, ಆದ್ರೆ ನಾನು ಒಂದೇ ಸಲ ಮಾಡಿದ್ದು ಅಂತ ಅಲ್ಲಿಯ ಕ್ಯಾಶಿಯರ್. ಲಾಗ್ (ಸಿಸ್ಟಮ್ ತಾನೇ ಬರೆದಿಡೋ ದಾಖಲೆ) ನೋಡಿದ್ರೆ ಎರಡು ರಿಕ್ವೆಸ್ಟ್ ಬಂದಿವೆ, ನಡುವೆ ಕೆಲವೇ ಸೆಕೆಂಡು. ಅಪ್ಲಿಕೇಶನ್ ಸರ್ವರ್ ಲಾಗ್ ರೊಟೇಟ್ ಆಗಿ ಹಳೇದು ಅಳಿಸಿ ಹೋಗಿತ್ತು, ಹಾಗಾಗಿ ಮೊದಲನೇ ರಿಕ್ವೆಸ್ಟಿಗೆ ಉತ್ತರ ಅವರ ಸ್ಕ್ರೀನಿಗೆ ಹೋಯ್ತಾ ಇಲ್ವಾ ಅಂತ ಗೊತ್ತಿಲ್ಲ. ಟಿಕೆಟ್ ಕ್ಲೋಸ್ ಮಾಡ್ಬೇಕಾದ್ರೆ ರೆಸಲ್ಯೂಶನ್ ಕೋಡ್ ಆರಿಸ್ಬೇಕು, ಡ್ರಾಪ್‌ಡೌನ್‌ನಲ್ಲಿ ಇದ್ದದ್ದು ಇಷ್ಟೇ, ಕೋಡ್ ಡಿಫೆಕ್ಟ್, ಇನ್‌ಫ್ರಾ, ಡೇಟಾ, ಥರ್ಡ್ ಪಾರ್ಟಿ, ಯೂಸರ್ ಎರರ್. ಕೋಡ್ ಡಿಫೆಕ್ಟ್ ಅಂತ ಹಾಕಿದ್ರೆ ಆರ್‌ಸಿಎ (ಮೂಲ ಕಾರಣ ಏನು ಅನ್ನೋ ವರದಿ) ಬರೀಬೇಕು, ಡೆವಲಪ್‌ಮೆಂಟ್ ಟೀಮ್ ಜೊತೆ ಜಗಳ, ತಿಂಗಳ ಕೊನೆಗೆ ಡ್ಯಾಶ್‌ಬೋರ್ಡ್ ಕೆಂಪಾಗುತ್ತೆ. ಯೂಸರ್ ಎರರ್ ಅಂತ ಹಾಕಿದ್ರೆ ಯಾರೂ ಏನೂ ಕೇಳಲ್ಲ. ಲೀಡ್ ಅಂದ್ರು, "ಅವ್ರು ಎರಡು ಸಲ ಒತ್ತಿದಾರೆ ಕಣಮ್ಮ, ಯೂಸರ್ ಎರರ್ ಹಾಕಿ ಮುಗ್ಸು." ಟಿಕೆಟ್ ಇದ್ದದ್ದು ಆಗಷ್ಟೇ ಟೀಮಿಗೆ ಸೇರಿದ್ದ ಒಬ್ಬ ಹುಡುಗಿ ಹೆಸರಲ್ಲಿ. ಅವಳು ಮೆಲ್ಲಗೆ, "ಎರಡು ಸಲ ಒತ್ತಿದ್ರೂ ಎರಡು ಸಲ ಪೋಸ್ಟ್ ಆಗ್ಬಾರ್ದಲ್ವಾ ಸರ್?" ಅಂದ್ಲು.

ಮೀಟಿಂಗ್ ರೂಮಲ್ಲಿ ಒಬ್ಬರೂ ಮಾತಾಡಲಿಲ್ಲ. ಇಂಜಿನಿಯರಿಂಗ್ ಮೊದಲ ಪಾಠ ಅದು, ಒಂದೇ ರಿಕ್ವೆಸ್ಟ್ ಹತ್ತು ಸಲ ಬಂದ್ರೂ ದುಡ್ಡು ಒಂದೇ ಸಲ ಹೋಗ್ಬೇಕು. ಸ್ಕ್ರೀನ್ ಅಲ್ಲಾಡದೆ ನಿಂತಾಗ ಮನುಷ್ಯ ಅನ್ನೋನು ಇನ್ನೊಂದು ಸಲ ಒತ್ತೇ ಒತ್ತುತ್ತಾನೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ, ಆ ಥರ ಆಗಿತ್ತು ನಮ್ಮ ಡ್ರಾಪ್‌ಡೌನ್.

ಆಮೇಲೆ ಹೊರೈಜನ್ ಓದ್ತಾ ಓದ್ತಾ ಡಾಲ್‌ಮೆಲಿಂಗ್ಟನ್ ಬಗ್ ಅಂತ ಸಿಕ್ತು ನೋಡಿ, ಮೈ ಜುಮ್ ಅಂತು. ಸ್ಕಾಟ್‌ಲೆಂಡಿನ ಡಾಲ್‌ಮೆಲಿಂಗ್ಟನ್ ಅನ್ನೋ ಊರು, 2015. ಒಂದು ಬ್ರಾಂಚಿಂದ ಇನ್ನೊಂದಕ್ಕೆ 8,000 ಪೌಂಡ್ ಕ್ಯಾಶ್ ಕಳಿಸಿದ್ದನ್ನ ಸಿಸ್ಟಮ್ಮಲ್ಲಿ ತಗೋಬೇಕಿತ್ತು. ಎಂಟರ್ ಒತ್ತಿದ್ರೆ ಸ್ಕ್ರೀನ್ ಹೋಗ್ತಿಲ್ಲ, ಮತ್ತೆ ಒತ್ತಿದ್ರು, ಮತ್ತೆ ಒತ್ತಿದ್ರು. ನಾಲ್ಕು ಸಲ 8,000 ಅಂತ ದಾಖಲಾಗಿ 24,000 ಪೌಂಡ್ ಇಲ್ಲದ ದುಡ್ಡು ಲೆಕ್ಕಕ್ಕೆ ಸೇರ್ತು. ಹುಡುಕಿ ನೋಡಿದ್ರೆ ಇದೇ ಥರದ್ದು 2010ರಿಂದ ನೂರಕ್ಕೂ ಹೆಚ್ಚು ಸಲ ಆಗಿತ್ತು. ಐದು ವರ್ಷ! ಎಷ್ಟೋ ಸಲ ಆಮೇಲೆ ಲೆಕ್ಕ ತಿದ್ದಿ ಸರಿ ಮಾಡಿದ್ರು ಅನ್ನೋದು ನಿಜ, ಆದ್ರೆ ಯಾಕೆ ಹೀಗೆ ಅಂತ ಒಟ್ಟಿಗೆ ಇಟ್ಟು ನೋಡೋಕೆ ಐದು ವರ್ಷ ಬೇಕಾಯ್ತು. ಒಂದೊಂದೇ ನೋಡಿದ್ರೆ ಒಂದೊಂದೂ ಯೂಸರ್ ಎರರ್ ಥರಾನೇ ಕಾಣುತ್ತೆ.

ನಮ್ಮ ಊರುಗಳಲ್ಲೂ ಇದು ಹೊಸದಲ್ಲ. ನ್ಯಾಯಬೆಲೆ ಅಂಗಡೀಲಿ ಮಷೀನ್ ಹೆಬ್ಬೆಟ್ಟು ತಗೋತಿಲ್ಲ ಅಂದ್ರೆ ಅಜ್ಜಿಗೆ ಹೇಳೋದು ನಿಮ್ಮ ಬೆರಳು ಸವೆದಿದೆ ಅಂತಾನೇ. ಐವತ್ತು ವರ್ಷ ಕಳೆ ಕಿತ್ತು ಪಾತ್ರೆ ತಿಕ್ಕಿದ ಬೆರಳು ಸವೆಯದೆ ಇನ್ನೇನಾಗುತ್ತೆ, ಅದನ್ನ ಲೆಕ್ಕಕ್ಕೆ ಇಟ್ಕೊಳ್ಳದೆ ಮಾಡಿದ ಸಿಸ್ಟಮ್ ಸವೆದಿದೆ ಅಂತ ಯಾರೂ ಅನ್ನಲ್ಲ.

ಸರಿ, ಇದುವರೆಗಿನದ್ದು ಉದಾಸೀನ. ಮುಂದಿನದ್ದು ಬೇರೆ ಥರ, ಅದಕ್ಕೆ ಅದರ ಮೇಲೆ ಸ್ವಲ್ಪ ಹೊತ್ತು ನಿಲ್ತೀನಿ. 2010ರಲ್ಲಿ ಹೊರೈಜನ್ನಿನ ಹೊಸ ಆವೃತ್ತೀಲಿ ಒಂದು ಬಗ್ ಸಿಕ್ತು, ರಿಸೀಟ್ಸ್ ಅಂಡ್ ಪೇಮೆಂಟ್ಸ್ ಮಿಸ್‌ಮ್ಯಾಚ್ ಅಂತ ಕರೀತಾರೆ. ಅರವತ್ತರಷ್ಟು ಬ್ರಾಂಚುಗಳಲ್ಲಿ ಲೆಕ್ಕದ ವ್ಯತ್ಯಾಸ ಸುಮ್ಮನೆ ಮಾಯ ಆಗಿಬಿಡೋದು, ಬ್ರಾಂಚಿನ ಸ್ಕ್ರೀನಲ್ಲಿ ಎಲ್ಲ ಸರಿ ಇದೆ ಅಂತ ಕಾಣೋದು, ಪೋಸ್ಟ್ ಆಫೀಸಿನ ಕೇಂದ್ರದ ಲೆಕ್ಕದಲ್ಲಿ ಸರಿ ಇರ್ತಿರ್ಲಿಲ್ಲ. ಪೋಸ್ಟ್ ಆಫೀಸ್ ಮತ್ತೆ ಫುಜಿತ್ಸು ಕಡೆಯವರು ಕೂತು ಏನ್ ಮಾಡೋಣ ಅಂತ ಚರ್ಚೆ ಮಾಡಿದ್ದರ ನೋಟ್ ಈಗ ಬಹಿರಂಗ ಆಗಿದೆ. ಮೂರು ದಾರಿ ಬರೆದಿದಾರೆ. ಮೊದಲನೇದು ಫುಜಿತ್ಸುನವರೇ ಬ್ರಾಂಚಿನ ಲೆಕ್ಕದೊಳಗೆ ಸಂಖ್ಯೆ ಬರೆಯೋದು, ಅದರ ಕೆಳಗೆ ಅಪಾಯ ಅಂತ ಅವರೇ ಬರೆದಿರೋದು, ಇದರಿಂದ ಬ್ರಾಂಚ್ ಡೇಟಾ ಜೊತೆ ಆಟ ಆಡ್ತಿದಾರೆ ಅನ್ನೋ ಪ್ರಶ್ನೆ ಏಳಬಹುದು ಅಂತ. ಒಟ್ಟಾರೆ ಕಾಳಜಿಗಳ ಪಟ್ಟೀಲಿ ಏನಿದೆ ಅಂದ್ರೆ, ಇದು ಎಲ್ಲರಿಗೂ ಗೊತ್ತಾದ್ರೆ ಬ್ರಾಂಚುಗಳಿಗೆ ಹೊರೈಜನ್ ಮೇಲೆ ನಂಬಿಕೆ ಹೋಗುತ್ತೆ, ನಡೀತಿರೋ ಕೇಸುಗಳ ಮೇಲೆ ಪರಿಣಾಮ ಆಗಬಹುದು, ಮುಂದೆ ಲೆಕ್ಕ ತಪ್ಪಿದಾಗೆಲ್ಲ ಹೊರೈಜನ್ ಮೇಲೆ ಗೂಬೆ ಕೂರಿಸೋಕೆ ಅವರ ಕೈಗೆ ಅಸ್ತ್ರ ಕೊಟ್ಟ ಹಾಗಾಗುತ್ತೆ.

ಇಂಥಾ ನೋಟ್ ನಾನು ಎಷ್ಟು ನೋಡಿಲ್ಲ! ಆಪ್ಷನ್, ಇಂಪ್ಯಾಕ್ಟ್, ರಿಸ್ಕ್ ಅಂತ ನೀಟಾಗಿ ಹೆಡ್ಡಿಂಗ್ ಹಾಕಿ ಬರೆಯೋದು. ನಾನೇ ಬರೆದಿದ್ರೂ ಹೀಗೇ ಬರೀತಿದ್ದೆನೇನೋ. ಆ ಟೆಂಪ್ಲೇಟಿನಲ್ಲಿ ರಿಸ್ಕ್ ಅಂದ್ರೆ ಯಾವತ್ತೂ ನಮ್ಮ ರಿಸ್ಕು, ಪ್ರಾಜೆಕ್ಟಿನ ರಿಸ್ಕು. ಬ್ರಾಂಚಲ್ಲಿ ಕೂತಿರೋರ ರಿಸ್ಕ್ ಬರೆಯೋಕೆ ಅಂತ ಒಂದು ಸಾಲು ಆ ಟೆಂಪ್ಲೇಟಲ್ಲಿ ಇರಲ್ಲ. ಅಲ್ಲಿ ಕೂತಿದ್ದೋರು ದುಷ್ಟರಾಗಿರ್ಬೇಕಾಗಿಲ್ಲ, ಟೆಂಪ್ಲೇಟ್ ತುಂಬಿಸಿದ್ರೆ ಸಾಕಾಗಿತ್ತು.

ಅದೇ 2010ರ ಅಕ್ಟೋಬರ್‌ನಲ್ಲಿ ಗಿಲ್ಡ್‌ಫರ್ಡ್ ಕೋರ್ಟಲ್ಲಿ ಸೀಮಾ ಮಿಶ್ರಾ ಅನ್ನೋರ ವಿಚಾರಣೆ. ಭಾರತ ಮೂಲದೋರು, ಸರೆಯ ವೆಸ್ಟ್ ಬೈಫ್ಲೀಟಲ್ಲಿ ಪೋಸ್ಟ್ ಆಫೀಸ್ ನಡೆಸ್ತಿದ್ರು, 74,000 ಪೌಂಡ್ ಕದ್ದ ಆರೋಪ. ಹೊರೈಜನ್ನಿನ ದೋಷ ಅಂತ ಅವರ ಕಡೆ ವಾದ. ಹೊರೈಜನ್ ಪರ ಸಾಕ್ಷಿ ಹೇಳಿದ್ದು ಫುಜಿತ್ಸುವಿನ ಹಿರಿಯ ಇಂಜಿನಿಯರ್ ಗ್ಯಾರೆತ್ ಜೆಂಕಿನ್ಸ್, ಅದೇ ಮಿಸ್‌ಮ್ಯಾಚ್ ಬಗ್ಗಿನ ಬಗ್ಗೆ ಕೆಲವೇ ವಾರಗಳ ಹಿಂದೆ ತಾವೇ ಟೆಕ್ನಿಕಲ್ ನೋಟ್ ಬರೆದಿದ್ದೋರು. ಆ ಬಗ್ ವಿಷಯ ಸೀಮಾ ಅವರ ವಕೀಲರಿಗೆ ಯಾರೂ ಹೇಳಲಿಲ್ಲ. ನವೆಂಬರ್ 11ರಂದು 15 ತಿಂಗಳು ಜೈಲು ಅಂತ ತೀರ್ಪು, ಅವರು ಆಗ ಎಂಟು ವಾರದ ಬಸುರಿ, ಮೊದಲ ಮಗನಿಗೆ ಆವತ್ತೇ ಹತ್ತನೇ ವರ್ಷದ ಹುಟ್ಟುಹಬ್ಬ. 2013ರಲ್ಲಿ ಪೋಸ್ಟ್ ಆಫೀಸ್ ಕಡೆಯ ಒಬ್ಬ ವಕೀಲರೇ, ಈ ಸಾಕ್ಷಿ ತನಗೆ ಗೊತ್ತಿದ್ದ ಬಗ್ಗುಗಳನ್ನ ಕೋರ್ಟಿಗೆ ತಿಳಿಸಿಲ್ಲ, ಇವರನ್ನ ಇನ್ನು ಸಾಕ್ಷಿಯಾಗಿ ಬಳಸಬೇಡಿ ಅಂತ ಸಲಹೆ ಬರೆದು ಕೊಟ್ರು. 2024ರಲ್ಲಿ, ಈ ಹಗರಣದ ಬಗ್ಗೆ ಸರ್ ವಿನ್ ವಿಲಿಯಮ್ಸ್ ನಡೆಸಿದ ಸಾರ್ವಜನಿಕ ವಿಚಾರಣೆ ಮುಂದೆ ಜೆಂಕಿನ್ಸ್ ಹೇಳಿದ್ದು, ತಜ್ಞ ಸಾಕ್ಷಿಯ ಕರ್ತವ್ಯ ಏನು ಅಂತ ನಂಗೆ ಯಾರೂ ಸರಿಯಾಗಿ ತಿಳಿಸಿರಲಿಲ್ಲ ಅಂತ.

ಅವರ ತಪ್ಪು ಎಷ್ಟು ಅಂತ ಅಳೆಯೋದು ನನ್ನ ಕೆಲಸ ಅಲ್ಲ. ಆದ್ರೆ ಆ ಉತ್ತರವನ್ನ ನಾನು ಪಕ್ಕಕ್ಕೆ ಇಡೋಕೆ ಆಗಲ್ಲ, ಯಾಕಂದ್ರೆ ಅದು ನಮ್ಮ ವೃತ್ತಿಯವರ ಬಾಯಲ್ಲಿ ತುಂಬಾ ಸಹಜವಾಗಿ ಬರೋ ಮಾತು. ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಅದು ನನ್ನ ಮಾಡ್ಯೂಲ್ ಅಲ್ಲ. ಲೀಗಲ್‌ನವರು ನೋಡ್ಕೋತಾರೆ. ಆ ಬಗ್ ಈ ಬ್ರಾಂಚಲ್ಲಿ ಬಂದಿಲ್ಲ, ಹಾಗಾಗಿ ಹೇಳೋ ಅಗತ್ಯ ಇಲ್ಲ. ಈ ಕೊನೇದು ಇದೆಯಲ್ಲ, ಇದು ಟೆಕ್ನಿಕಲ್ ಆಗಿ ಸರಿಯಾಗಿರೋ ಮಾತು, ಅದಕ್ಕೇ ಅಪಾಯ. ನಾನು ಗೊತ್ತಿರೋ ಬಗ್ಗುಗಳನ್ನ ಹುಡುಕಿ ಇಲ್ಲಿಲ್ಲ ಅನ್ನಬಲ್ಲೆ, ಗೊತ್ತಿಲ್ಲದ್ದನ್ನ ಎಲ್ಲಿಂದ ಹುಡುಕಲಿ? ಆರು ತಿಂಗಳ ಹಿಂದೆ ಗೊತ್ತಿಲ್ಲದ ಬಗ್ ಇವತ್ತು ಸಿಕ್ಕಿದೆ ಅನ್ನೋದೇ, ಇನ್ನೂ ಇರಬಹುದು ಅನ್ನೋದಕ್ಕೆ ಸಾಕ್ಷಿ. ಅದನ್ನ ಇಂಜಿನಿಯರ್ ಬಿಟ್ರೆ ಜಡ್ಜಿಗೆ ಬೇರೆ ಯಾರು ಹೇಳೋಕೆ ಸಾಧ್ಯ?

ಇದಕ್ಕೆ ಗೆಳೆಯರು ಒಂದು ವಾದ ಹಾಕ್ತಾರೆ. ಬಗ್ ಇಲ್ಲದ ಸಾಫ್ಟ್‌ವೇರ್ ಇಲ್ಲ, ಎಲ್ಲಾ ಬಗ್ಗನ್ನೂ ಕೋರ್ಟಿಗೆ ತಗೊಂಡು ಹೋಗಿ ಸುರಿದ್ರೆ ನಿಜವಾಗ್ಲೂ ಕದ್ದೋನು ಕೂಡ ಕಂಪ್ಯೂಟರ್ ಮೇಲೆ ಹಾಕಿ ತಪ್ಪಿಸ್ಕೋತಾನೆ ಅಂತ. ವಾದದಲ್ಲಿ ಹುರುಳಿದೆ, ಅಷ್ಟು ಸಾವಿರ ಬ್ರಾಂಚುಗಳಲ್ಲಿ ಒಬ್ಬರೂ ಕದ್ದಿರಲ್ಲ ಅಂತ ನಾನೂ ಹೇಳಲ್ಲ. ಆದ್ರೆ ಬಗ್ ಇದೆ ಅಂತ ಹೇಳಿದ ಮಾತ್ರಕ್ಕೆ ಯಾರೂ ಬಿಡುಗಡೆ ಆಗಲ್ಲ, ಈ ವ್ಯತ್ಯಾಸಕ್ಕೆ ಅದು ಕಾರಣವಾ ಅಲ್ವಾ ಅಂತ ಲಾಗ್ ತೆಗೆದು ತೋರಿಸ್ಬೇಕಾಗುತ್ತೆ ಅಷ್ಟೇ. ಆ ಲಾಗ್ ಇರೋದು ಯಾರ ಹತ್ರ? ಕೌಂಟರ್ ಹಿಂದೆ ನಿಂತೋರ ಹತ್ರ ಅಲ್ಲ. ಯಾರ ಕಣ್ಣಿಗೆ ಕಾಣುತ್ತೋ ಅವರೇ ತೋರಿಸ್ಬೇಕು, ನಂಗೆ ಇದಕ್ಕಿಂತ ಸರಳವಾದ ವಾದ ಗೊತ್ತಿಲ್ಲ. ಹೊರೈಜನ್ನಿನಲ್ಲಿ ಆಡಿಟ್ ಡೇಟಾ ತರಿಸ್ಕೊಳ್ಳೋಕೆ ವರ್ಷಕ್ಕೆ ಇಷ್ಟೇ ಅಂತ ಕಾಂಟ್ರ್ಯಾಕ್ಟಲ್ಲಿ ಮಿತಿ ಇತ್ತು, ಮೀರಿದ್ರೆ ಪೋಸ್ಟ್ ಆಫೀಸ್ ಹೆಚ್ಚಿಗೆ ದುಡ್ಡು ಕೊಡಬೇಕಿತ್ತು. ಅಂದ್ರೆ ಒಬ್ಬರು ಜೈಲಿಗೆ ಹೋಗ್ಬೇಕಾ ಬೇಡ್ವಾ ಅಂತ ನೋಡೋ ಲಾಗಿಗೂ ಕೋಟಾ!

ಕಾನೂನು ಕೂಡ ಇಂಜಿನಿಯರ್ ಬಾಯಿ ಮುಚ್ಚಿದ್ರೆ ಏನೂ ಮಾಡಲ್ಲ ಅನ್ನೋ ಸ್ಥಿತೀಲಿತ್ತು. ಇಂಗ್ಲೆಂಡಲ್ಲಿ ಮೊದಲು ಕಂಪ್ಯೂಟರ್ ದಾಖಲೆ ಕೊಡೋರು ಅದು ಸರಿಯಾಗಿ ಕೆಲಸ ಮಾಡ್ತಿತ್ತು ಅಂತ ತೋರಿಸ್ಬೇಕಿತ್ತು, 1984ರ ಕಾಯ್ದೆಯ 69ನೇ ಸೆಕ್ಷನ್. 1999ರ ಕಾಯ್ದೆಯಿಂದ ಅದನ್ನ ತೆಗೆದುಹಾಕಿದ್ರು, 2000ದಿಂದ ಕಂಪ್ಯೂಟರ್ ಸರಿಯಾಗೇ ಇದೆ ಅಂತಾನೇ ಕೋರ್ಟ್ ಅಂದ್ಕೊಳ್ಳೋದು, ಅಲ್ಲ ಅನ್ನೋರು ಸಾಬೀತು ಮಾಡ್ಬೇಕು. ಸರಿಯಾಗಿ ಹೊರೈಜನ್ ಊರೂರಿಗೂ ಹೋಗ್ತಿದ್ದ ಹೊತ್ತಿಗೆ. ಬ್ರಿಡ್ಲಿಂಗ್ಟನ್ನಿನ ಲೀ ಕ್ಯಾಸಲ್ಟನ್ ಅನ್ನೋರು ಸುಮಾರು 25,000 ಪೌಂಡ್ ವಿಷಯಕ್ಕೆ ತಾವೇ ನಿಂತು ಕೋರ್ಟಲ್ಲಿ ವಾದ ಮಾಡಿದ್ರು, ಸೋತ್ರು, ಎದುರು ಪಾರ್ಟಿಯ ಖರ್ಚು ಅಂತ 3,21,000 ಪೌಂಡ್ ಮೇಲೆ ಬಿದ್ದು ದಿವಾಳಿ ಆದ್ರು. 2024ರ ಮೇ ತಿಂಗಳಲ್ಲಿ ಪಾರ್ಲಿಮೆಂಟ್ ಕಾಯ್ದೆ ಮಾಡಿ ನೂರಾರು ಶಿಕ್ಷೆಗಳನ್ನ ಒಟ್ಟಿಗೇ ರದ್ದು ಮಾಡ್ತು. 2025ರ ಜುಲೈನಲ್ಲಿ ಬಂದ ವಿಚಾರಣಾ ವರದಿಯ ಮೊದಲ ಸಂಪುಟ ಹೇಳೋ ಪ್ರಕಾರ ಕನಿಷ್ಠ 13 ಜನ ಇದರಿಂದಾಗಿ ಜೀವ ಕಳ್ಕೊಂಡಿರಬಹುದು.

ನಮ್ಮ ದೇಶದಲ್ಲಿ ಕಾಗದದ ಮೇಲೆ ಪರಿಸ್ಥಿತಿ ಇದಕ್ಕಿಂತ ವಾಸಿ. ಹಳೇ ಸಾಕ್ಷ್ಯ ಕಾಯ್ದೇಲಿ 65ಬಿ ಅಂತ ಇತ್ತು, ಎಲೆಕ್ಟ್ರಾನಿಕ್ ದಾಖಲೆಯ ಪ್ರಿಂಟೋ ಕಾಪಿನೋ ಕೊಡ್ಬೇಕಾದ್ರೆ ಜೊತೆಗೆ ಸರ್ಟಿಫಿಕೇಟ್ ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಮತ್ತೆ ಗಟ್ಟಿಯಾಗಿ ಹೇಳ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್. ಈಗ ಎರಡು ಭಾಗ, ಒಂದಕ್ಕೆ ಸಿಸ್ಟಮ್ ಯಾರ ಸುಪರ್ದಿನಲ್ಲಿದೆಯೋ ಅವರ ಸೈನು, ಇನ್ನೊಂದಕ್ಕೆ ಎಕ್ಸ್‌ಪರ್ಟ್ ಸೈನು, ಹ್ಯಾಶ್ ವ್ಯಾಲ್ಯೂ ಬೇರೆ ಬರೀಬೇಕು. ಹ್ಯಾಶ್ ಹೇಳೋದು ಫೈಲನ್ನ ಆಮೇಲೆ ಯಾರೂ ಮುಟ್ಟಿಲ್ಲ ಅಂತ ಮಾತ್ರ, ಒಳಗಿರೋ ಲೆಕ್ಕ ಸರಿ ಅಂತ ಅಲ್ಲ. ಲೆಕ್ಕದ ವಿಷಯ ಇರೋದು ಫಾರ್ಮಿನ ಇನ್ನೊಂದು ವಾಕ್ಯದಲ್ಲಿ: ಆ ಅವಧೀಲಿ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡ್ತಿತ್ತು, ಎಲ್ಲಾದ್ರೂ ಮಾಡ್ತಿರ್ಲಿಲ್ಲ ಅಂದ್ರೆ ಅದರಿಂದ ಈ ದಾಖಲೆಗೆ ಏನೂ ಆಗಿಲ್ಲ. ಈ ವಾಕ್ಯ ಮೊದಲೇ ಪ್ರಿಂಟ್ ಆಗಿರುತ್ತೆ, ಹೆಸರು ತಾರೀಖು ತುಂಬಿ ಸೈನ್ ಹಾಕೋದಷ್ಟೇ ಬಾಕಿ.

ಹಾಗೆ ಸೈನ್ ಹಾಕೋ ಕೆಲಸ ನನ್ನ ಒಬ್ಬ ಹಳೇ ಕ್ಲಾಸ್‌ಮೇಟಿಂದು. ಬ್ಯಾಂಕಲ್ಲಿ ಸಿಸ್ಟಮ್ ಅಡ್ಮಿನ್, ಪೊಲೀಸರು ಕೋರ್ಟಿನವರು ಸ್ಟೇಟ್‌ಮೆಂಟ್ ಕೇಳಿದಾಗ ಕಟ್ಟುಗಟ್ಟಲೆ ಇವನ ಟೇಬಲ್‌ಗೆ ಬರ್ತವೆ. "ಮಗಾ, ಆ ಮೂರು ತಿಂಗಳು ಸಿಸ್ಟಮ್ ಸರಿ ಇತ್ತು ಅಂತ ನಿಂಗೆ ಹೇಗೆ ಗೊತ್ತು?" ಅಂತ ಕೇಳ್ದೆ. "ಫಾರ್ಮ್ಯಾಟೇ ಹಂಗೈತೆ ಗುರು" ಅಂದ. ಅವನೇನು ಬೇಜವಾಬ್ದಾರಿ ಮನುಷ್ಯ ಅಲ್ಲ, ಹೋಮ್ ಲೋನ್ ಇದೆ, ಸ್ಕೂಲಿಗೆ ಹೋಗೋ ಎರಡು ಮಕ್ಕಳಿವೆ, ಕೆಲಸ ಬಿಟ್ಟು ಟೀವಿ ಮುಂದೆ ಹೋಗಿ ಕೂರು ಅಂತ ಅವನಿಗೆ ಹೇಳೋ ಯೋಗ್ಯತೆ ನಂಗೂ ಇಲ್ಲ. ಆದ್ರೆ ಡಾಲ್‌ಮೆಲಿಂಗ್ಟನ್ ಕಥೆ ಹೇಳಿದ್ಮೇಲೆ ಅವನು ಒಂದು ಕೆಲಸ ಶುರು ಮಾಡಿದಾನೆ. ಯಾವ ಅವಧಿಗೆ ಸ್ಟೇಟ್‌ಮೆಂಟ್ ಕೇಳಿದಾರೋ ಆ ಅವಧೀಲಿ ಆ ಅಪ್ಲಿಕೇಶನ್ ಮೇಲೆ ಬಿದ್ದ ಇನ್ಸಿಡೆಂಟ್‌ಗಳ ಪಟ್ಟಿ, ಓಡಿಸಿದ ಡೇಟಾ ಫಿಕ್ಸ್‌ಗಳ ಪಟ್ಟಿ ಎರಡನ್ನೂ ತೆಗೆದು ಸರ್ಟಿಫಿಕೇಟ್ ಹಿಂದೆ ಅನೆಕ್ಷರ್ (ಅನುಬಂಧ) ಅಂತ ಪಿನ್ ಮಾಡ್ತಾನೆ. ಹೆಚ್ಚಿನ ಸಲ ಎರಡೋ ಮೂರೋ ಸಾಲು ಇರುತ್ತೆ ಅಷ್ಟೇ. ಲೀಗಲ್ ಡಿಪಾರ್ಟ್‌ಮೆಂಟಿನವರು ಮೊದಮೊದಲು ಇದು ಬೇಡ, ಅನಗತ್ಯ ಪ್ರಶ್ನೆ ಏಳುತ್ತೆ ಅಂತ ವಾಪಸ್ ಕಳಿಸಿದ್ರಂತೆ. ಹಾಗಾದ್ರೆ ಅನೆಕ್ಷರ್ ಬೇಡ ಅಂತ ಒಂದು ಮೇಲ್ ಹಾಕ್ಬಿಡಿ ಸರ್, ಫೈಲಲ್ಲಿ ಇಟ್ಕೋತೀನಿ ಅಂದ ಇವನು. ಆ ಮೇಲ್ ಇನ್ನೂ ಬಂದಿಲ್ಲ, ಅನೆಕ್ಷರ್ ಮಾತ್ರ ಹೋಗ್ತಾ ಇದೆ.